ಮಜ್ಜೆಯ ಕೊಬ್ಬು, ಮೂಳೆಯ ಬಲ

ಪ್ರಶ್ನೆ: ನನಗೆ 57 ವರ್ಷ. ಮುಟ್ಟು ನಿಂತು ಏಳು ವರ್ಷವಾಯಿತು. ಸೊಂಟನೋವಿಗೆಂದು ಎಂಆರ್‌ಐ ಮಾಡಿಸಿದರೆ ಬೆನ್ನುಮೂಳೆಯ ಮಜ್ಜೆಯಲ್ಲಿ ಕೊಬ್ಬು ಹೆಚ್ಚಾಗಿದೆ ಎಂದು ವರದಿ ಬಂತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾದಲ್ಲಿ ಟಿ-ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿದ ಅಂಕಿ) ಬೆನ್ನುಮೂಳೆಗೆ -1.3, ತೊಡೆಮೂಳೆಯ ಕತ್ತಿಗೆ -2.6. ನಾನಿರುವುದೇ 46 ಕೆ.ಜಿ. ಮೈಯಲ್ಲಿಲ್ಲದ ಕೊಬ್ಬು ಮೂಳೆಯೊಳಗೆ ಎಲ್ಲಿಂದ ಬಂತು? ರಾತ್ರಿ ಊಟ ಬಿಟ್ಟರೆ ಕರಗುತ್ತದೆಯೇ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಊಟ ಮಾತ್ರ ಬಿಡಬೇಡಿ. ಹೊಟ್ಟೆಯ ಕೊಬ್ಬಿನ ಲೆಕ್ಕವೇ ಬೇರೆ, ಮಜ್ಜೆಯ ಕೊಬ್ಬಿನ ಲೆಕ್ಕವೇ ಬೇರೆ. ಅನೊರೆಕ್ಸಿಯಾ ಕಾಯಿಲೆಯಲ್ಲಿ ಅನ್ನ ಬಿಟ್ಟು ಒಣಗಿದ ಹೆಣ್ಣುಮಕ್ಕಳ ಚರ್ಮದಡಿಯ ಕೊಬ್ಬು ಬರಿದಾದರೂ ಮಜ್ಜೆಯಲ್ಲಿ ಅದು ಏರಿರುತ್ತದೆ, ಮೂಳೆಯ ಸಾಂದ್ರತೆ ಇಳಿದಿರುತ್ತದೆ.

ಮೂಳೆ ಕಟ್ಟುವ ಕೋಶ, ಕೊಬ್ಬಿನ ಕೋಶ ಎರಡೂ ಹುಟ್ಟುವುದು ಮಜ್ಜೆಯಲ್ಲಿರುವ ಒಂದೇ ಬಗೆಯ ಆಕರಕೋಶಗಳಿಂದ. ಈಸ್ಟ್ರೋಜನ್ ಚೆನ್ನಾಗಿರುವಾಗ ಅವು ಮೂಳೆಯ ಕಡೆಗೆ ಒಲಿಯುತ್ತವೆ, ಮುಟ್ಟು ನಿಂತ ಮೇಲೆ ಕೊಬ್ಬಿನ ಕಡೆಗೆ ವಾಲುತ್ತವೆ. ಹಾಗಾಗಿ ನಡುವಯಸ್ಸಿನವರೆಗೆ ಗಂಡಸರಿಗಿಂತ ಕಡಿಮೆಯಿರುವ ಹೆಂಗಸರ ಬೆನ್ನುಮೂಳೆಯ ಮಜ್ಜೆಕೊಬ್ಬು 60ರ ಆಸುಪಾಸಿನಲ್ಲಿ ಅವರದ್ದನ್ನು ಮೀರುತ್ತದೆ. ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್, ಸಕ್ಕರೆ ಕಾಯಿಲೆಗೆ ಕೊಡುವ ಪಿಯೋಗ್ಲಿಟಾಝೋನ್ ಕೂಡ ಅತ್ತಲೇ ತಳ್ಳುತ್ತವೆ. ಇವೆರಡರಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಸ್ಟೀರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ.

ಎಂಆರ್‌ಐನಲ್ಲಿ ಕೊಬ್ಬು ಕಂಡದ್ದಕ್ಕೆ ಗಾಬರಿ ಬೇಡ. ಅದರ ಟಿ1 ಎಂಬ ಬಗೆಯ ಚಿತ್ರದಲ್ಲಿ ಕೊಬ್ಬಿನ ಮಜ್ಜೆ ಬೆಳ್ಳಗೆ ಕಾಣುತ್ತದೆ. ಮಜ್ಜೆಯು ಬೆನ್ನುಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕಿಗಿಂತ ಕಪ್ಪಾಗಿ ಕಂಡಾಗಲೇ ಬೇರೆ ಕಾಯಿಲೆಯ ಸಂಶಯದಿಂದ ಹಿಮೋಗ್ಲೋಬಿನ್, ಇಎಸ್‌ಆರ್, ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ (ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆ) ಎಂದು ಮುಂದಿನ ತನಿಖೆಗೆ ಹೋಗಬೇಕಾಗುವುದು.

ನೀವು ನೋಡಬೇಕಾದದ್ದು -2.6 ಎಂಬ ಅಂಕಿಯನ್ನು. ಮುಟ್ಟು ನಿಂತವರಲ್ಲಿ ಬೆನ್ನುಮೂಳೆ, ಇಡೀ ಸೊಂಟ, ತೊಡೆಮೂಳೆಯ ಕತ್ತು ಈ ಮೂರರಲ್ಲಿ ಯಾವುದು ಅತಿ ಕಡಿಮೆಯೋ ಅದನ್ನೇ ಹಿಡಿಯುತ್ತಾರೆ. -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಸವೆದ ಬೆನ್ನುಮೂಳೆಯ ಅಂಚಿನಲ್ಲಿ ಮುಳ್ಳಿನಂತೆ ಬೆಳೆದ ಮೂಳೆಯನ್ನೂ ಯಂತ್ರ ಲೆಕ್ಕಕ್ಕೆ ಸೇರಿಸಿಕೊಳ್ಳುವುದರಿಂದ ಅಲ್ಲಿನ ಅಂಕಿ ಸುಳ್ಳೇ ಚೆನ್ನಾಗಿ ಬರುತ್ತದೆ. ಮರುಪರೀಕ್ಷೆಗೆ ಒಂದೆರಡು ವರ್ಷ ಬಿಟ್ಟು ಅದೇ ಯಂತ್ರಕ್ಕೇ ಹೋಗಿ. ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆ ಬೇಡ.

ಮಜ್ಜೆಯ ಕೊಬ್ಬು ಇಳಿಸಲೆಂದೇ ಕೊಡುವ ಮಾತ್ರೆಯಿಲ್ಲ, ಚಿಕಿತ್ಸೆಯೆಲ್ಲ ಮೂಳೆಗೆ. ಶುರುಮಾಡುವ ಮೊದಲು ಕ್ಯಾಲ್ಸಿಯಂ, ಕ್ರಿಯಾಟಿನಿನ್, ವಿಟಮಿನ್ ಡಿ, ಥೈರಾಯ್ಡಿನ ಟಿಎಸ್‌ಎಚ್ ನೋಡಿಸಿ, ಹಲ್ಲು ಕೀಳಿಸುವುದಿದ್ದರೆ ಮುಗಿಸಿಕೊಳ್ಳಿ. ಮೂಳೆಯ ಸವೆತ ತಡೆಯುವ ಅಲೆಂಡ್ರೊನೇಟ್ 70 ಮಿ.ಗ್ರಾಂ. ಬರೆದುಕೊಟ್ಟರೆ ವಾರಕ್ಕೊಂದೇ ಮಾತ್ರೆ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನೊಂದಿಗೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ಮಲಗಿದರೆ ಮಾತ್ರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ. ಕಾಫಿಯ ಜೊತೆ ನುಂಗಿದರೆ ಮೈಗೆ ಹತ್ತುವುದು ಅರ್ಧಕ್ಕಿಂತ ಕಡಿಮೆ. ಬೆಣ್ಣೆದೋಸೆಯೂ ಅಷ್ಟು ಹೊತ್ತು ಕಾಯಲಿ!

ಪ್ರಶ್ನೆ: ದಿನಾ ರಾಗಿಮುದ್ದೆ ಉಣ್ಣುವವರಿಗೂ ಕ್ಯಾಲ್ಸಿಯಂ ಮಾತ್ರೆ ಬೇಕೇ?
– ಹರಿಹರದಿಂದ

ಉತ್ತರ: ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ. ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಇದೆ, ಅದರಲ್ಲೊಂದಿಷ್ಟನ್ನು ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶ ಕಟ್ಟಿಹಾಕುತ್ತದೆ. ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಫೈಟೇಟ್ ಇಳಿಯುತ್ತದೆ. ಅರ್ಧ ಲೀಟರ್ ಹಾಲು, ಮೊಸರಿನಿಂದ ಇನ್ನೊಂದು 600 ಸಿಗುತ್ತದೆ. ಕೊರತೆ ಬಿದ್ದಷ್ಟಕ್ಕೇ ಮಾತ್ರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಒಂದು ಸಲಕ್ಕೆ 500 ಮೀರದಂತೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಪ್ರಶ್ನೆ: ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿ.ಗ್ರಾಂ. ಅಮ್ಮನಿಗೆ 68, ಬೆನ್ನು ಬಗ್ಗಿಸಲಾಗುವುದಿಲ್ಲ. ಡೆಕ್ಸಾದಲ್ಲಿ ಬೆನ್ನುಮೂಳೆಗೆ +2 ಬಂದಿದೆ. ಮೂಳೆ ಗಟ್ಟಿಯಿದೆ ಎಂದುಕೊಳ್ಳಬಹುದೇ?
– ಚಳ್ಳಕೆರೆ ತಾಲ್ಲೂಕಿನಿಂದ

ಉತ್ತರ: ಬೇಡ. ಫ್ಲೋರೈಡ್ ಸೇರಿದ ಮೂಳೆ ದಟ್ಟವಾಗಿ ಕಾಣುತ್ತದೆ, ಆದರೆ ಪೆಡಸಾಗಿರುತ್ತದೆ. ಕಟ್ಟುನಾರುಗಳೂ ಸುಣ್ಣಗಟ್ಟಿ ಬೆನ್ನು ಬಿಗಿಯುತ್ತದೆ. ಬೆನ್ನು ಮತ್ತು ಮುಂಗೈಯ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಮಾಡಿಸಿ. ನೀರಿನಲ್ಲಿ 1.5 ಮೀರಬಾರದು. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿದು ಇನ್ನಷ್ಟು ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರು ತರುತ್ತೀರಾದರೆ ಕುಡಿಯಲಿಕ್ಕಷ್ಟೇ ಎತ್ತಿಡಬೇಡಿ. ಮುದ್ದೆಯ ಎಸರಿಗೆ, ಬೇಳೆಗೆ, ಚಹಾಕ್ಕೂ ಅದನ್ನೇ ಹಾಕಿ. ಎಷ್ಟೋ ಮನೆಗಳಲ್ಲಿ ತಪ್ಪುವುದು ಇಲ್ಲೇ.