ಗೋಡೆ ಒಡೆಸುವ ಮುಂಚೆ ಅಟ್ಟ ನೋಡಿ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 2 ಬಿಎಚ್‌ಕೆ ಫ್ಲ್ಯಾಟ್. ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ತೆಗೆಸಿ ಓಪನ್ ಕಿಚನ್ ಮಾಡಿಸುವ ಆಸೆ. ‘ನಾಲ್ಕಿಂಚಿನ ಗೋಡೆ, ಧಾರಾಳವಾಗಿ ಒಡೆಯಬಹುದು’ ಅನ್ನುತ್ತಾರೆ ಮೇಸ್ತ್ರಿ. ಸರಿಯೇ?

ಉತ್ತರ: ಮತ್ತೆ ಅದೇ ಪ್ರಶ್ನೆ! ದಪ್ಪ ಅಳೆದು ತೀರ್ಪು ಕೊಡುವ ಮೇಸ್ತ್ರಿಯನ್ನು ಬಾಗಿಲಲ್ಲೇ ನಿಲ್ಲಿಸಿ. ಪಿಲ್ಲರ್–ಬೀಮ್ ಕಟ್ಟಡದ ಬ್ಲಾಕ್ ಗೋಡೆ ಸಾಮಾನ್ಯವಾಗಿ ಭಾರ ಹೊರುವುದಿಲ್ಲ. ಆದರೆ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಎಬ್ಬಿಸಿದ ‘ಮೈವಾನ್’ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯೇ ಕಟ್ಟಡವನ್ನು ಹೊತ್ತಿರುತ್ತದೆ. ಅಲ್ಲಿ ಕಿಟಕಿಯಷ್ಟು ಜಾಗವನ್ನೂ ಕೊರೆಸಬೇಡಿ. ಗೋಡೆ ಬಡಿದು ಸದ್ದು ಕೇಳಿ ಹೇಳುವ ‘ತಜ್ಞರೂ’ ಇದ್ದಾರೆ. ಪ್ಲಾಸ್ಟರ್ ಬಿಟ್ಟುಕೊಂಡಿದ್ದರೂ ಟೊಳ್ಳು ಸದ್ದೇ ಬರುತ್ತದೆ. ಬಿಲ್ಡರ್‌ನಿಂದ ಸ್ಟ್ರಕ್ಚರಲ್ ಡ್ರಾಯಿಂಗ್ ತರಿಸಿ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿ. ಇದಕ್ಕೆ ಅಡ್ಡದಾರಿಯಿಲ್ಲ.

ಬ್ಲಾಕ್ ಗೋಡೆ ಎಂದು ಖಚಿತವಾಯಿತೇ? ತಲೆಯೆತ್ತಿ ಅಟ್ಟ ನೋಡಿ. ಕಾಂಕ್ರೀಟ್ ಅಟ್ಟದ ಒಂದು ಅಂಚು ಇದೇ ಗೋಡೆಯೊಳಗೆ ಕೂತಿದ್ದರೆ, ಗೋಡೆಯ ಜೊತೆ ಅಟ್ಟವೂ ಪಾತ್ರೆಪಗಡೆ ಸಮೇತ ಕೆಳಗಿಳಿಯುತ್ತದೆ. ಗ್ರಾನೈಟ್ ಕಟ್ಟೆ, ಕಡಪ ಕಲ್ಲಿನ ಹಲಗೆಗಳೂ ಗೋಡೆಗೆ ಕಚ್ಚಿಕೊಂಡಿರಬಹುದು. ಮಿಕ್ಸಿ, ಫ್ರಿಜ್‌ನ ಸ್ವಿಚ್‌ಬೋರ್ಡ್ ಅಲ್ಲಿದ್ದರೆ ಬೇರೆ ಗೋಡೆಗೆ ಲೈನ್ ಎಳೆಸಿ, ಹಳೆಯದನ್ನು ಕಳಚಿಸಿದ ಮೇಲೆಯೇ ಒಡೆಯುವ ಮಾತು. ಮೊದಲು ಕಟರ್‌ನಲ್ಲಿ ಅಂಚು ಕೊಯ್ದು, ಮೇಲಿನ ಸಾಲಿನಿಂದ ಒಂದೊಂದೇ ಬ್ಲಾಕ್ ಬಿಡಿಸಬೇಕು. ಸುತ್ತಿಗೆಯಲ್ಲಿ ಬುಡಕ್ಕೆ ಹೊಡೆದರೆ ಗೋಡೆ ಇಡಿಯಾಗಿ ಆಳಿನ ಮೈಮೇಲೆ ಬೀಳುತ್ತದೆ. ಗೋಡೆ ಹೋದ ಜಾಗದಲ್ಲಿ ನೆಲಕ್ಕೆ ಟೈಲ್ಸ್ ಇರುವುದಿಲ್ಲ. ಹಳೆಯ ಬಣ್ಣದ್ದೇ ಸಿಗುತ್ತದೆಂದು ಅಂಗಡಿ ಅಲೆಯುವ ಬದಲು ಒಂದು ಗ್ರಾನೈಟ್ ಪಟ್ಟಿ ಕೂರಿಸಿ.

ಇಷ್ಟಾದರೂ ನನ್ನ ಒಲವು ಅರ್ಧ ಗೋಡೆ ಉಳಿಸಿ, ಮೇಲೆ ಜಾರುವ ಗಾಜು ಹಾಕಿಸುವುದಕ್ಕೇ. ನಮ್ಮದು ಒಗ್ಗರಣೆಯ ಅಡುಗೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಮೇಲೆ ಹಾಲ್‌ನ ಸೋಫಾವೂ ಕೆಮ್ಮಬೇಕು. ಡಕ್ಟ್ ಇಲ್ಲದ ಚಿಮಣಿ ಆ ಹೊಗೆಯನ್ನು ಮನೆಯೊಳಗೇ ತಿರುಗಿಸುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ. 6 ಇಂಚಿನ ಪೈಪ್ ನೇರವಾಗಿ ಹೊರಗೆ ಹೋಗಲಿ, ತಿರುವು ಎರಡು ಮೀರದಿರಲಿ. ಹಾಲ್‌ನ ಫ್ಯಾನ್ ಒಲೆಯ ಹತ್ತಿರವಿದ್ದರೆ ಉರಿಯೂ ಅಲುಗುತ್ತದೆ, ಹೊಗೆಯೂ ಚಿಮಣಿಗೆ ಸಿಗದೆ ಚದುರುತ್ತದೆ.

ಪ್ರಶ್ನೆ: ಓಪನ್ ಕಿಚನ್‌ಗೆ ವಾಸ್ತು ದೋಷವಿದೆಯೇ?

ಉತ್ತರ: ಗ್ಯಾಸ್ ಪೈಪನ್ನು ಪ್ಲಂಬರ್ ಕೈಲಿ ಸರಿಸುವುದು ದೋಷ. ಗ್ಯಾಸ್ ಕಂಪನಿಯವರನ್ನೇ ಕರೆಸಿ.

ಪ್ರಶ್ನೆ: ನಮ್ಮ ಆಫೀಸ್ ಒಂದೇ ದೊಡ್ಡ ಹಾಲ್, ವಿಪರೀತ ಗದ್ದಲ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಕಡಿಮೆಯಾಗುತ್ತದಾ?

ಉತ್ತರ: ಇಲ್ಲ. ಬೆಂಕಿಗೆ ಮಾತ್ರ ಅನುಕೂಲ. ಫೋನ್ ಮಾತಿಗೆ ಬಾಗಿಲಿರುವ ಒಂದು ರೂಮು ಕಟ್ಟಿಸಿ.