ಓದುಗರ ಪ್ರಶ್ನೆ: ಬೀಗ ಹಾಕಿದ ಮನೆಯವರ ಓಟು

(ಉತ್ತರಿಸುವವರು ಲಿಂಗಸುಗೂರು ತಾಲ್ಲೂಕಿನ ನಿವೃತ್ತ ಶಿಕ್ಷಕಿ. ಒಂಬತ್ತು ವರ್ಷ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಕೆಲಸ ಮಾಡಿದವರು.)

ಪ್ರಶ್ನೆ: ಅಕ್ಕೋರೆ, ನಾನು ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನವಳು. ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ಓಣಿಯಲ್ಲಿ ಅರವತ್ತು ಮನೆ ಇವೆ. ಹೋದ ಸಲ ಅರ್ಧ ಜನ ಓಟು ಹಾಕಲಿಲ್ಲ. ನಾವು ಗೆಳತಿಯರು ಬೋರ್ಡು ಹಿಡಿದು ಜಾಥಾ ಮಾಡಿದ್ದೆವು. ‘ನಮ್ಮ ಒಂದು ಓಟಿಂದ ಏನಾಗ್ತದವಾ’ ಅಂತ ನಕ್ಕರು. ಈ ಸಲ ಏನು ಮಾಡಬೇಕು?

ಉತ್ತರ: ತಂಗಿ, ಜಾಥಾ ಮಾಡಿದ್ದು ತಪ್ಪಲ್ಲ. ಆದರೆ ಈ ಸಲ ಬೋರ್ಡಿನ ಬದಲು ಮತದಾರರ ಪಟ್ಟಿ ಹಿಡ್ಕೊಳ್ಳಿ. ಚುನಾವಣೆ ಘೋಷಣೆ ಆಗೋವರೆಗೆ ಕಾಯಬೇಡಿ, ಈ ವಾರವೇ ಶುರು ಮಾಡಿ. ಯಾಕೆ ಅಂತ ನನ್ನದೇ ಒಂದು ತಪ್ಪಿನಿಂದ ಹೇಳುತ್ತೇನೆ.

ಪಟ್ಟಿ ಪರಿಷ್ಕರಣೆ ನಡೆದಿತ್ತು. ನನ್ನ ಭಾಗದ ಕೊನೆಯ ಓಣಿಯಲ್ಲಿ ನಾಲ್ಕು ಮನೆಗೆ ಬೀಗ. ಮೂರು ಸಲ ಹೋದೆ, ಮೂರು ಸಲವೂ ಬೀಗ. ಪಕ್ಕದ ಮನೆಯವರು ‘ಬೆಂಗಳೂರಿಗೆ ಹೋಗ್ಯಾರ್ರೀ’ ಅಂದರು. ನಾನು ‘ಸ್ಥಳಾಂತರ’ ಅಂತ ಬರೆದು ಕೊಟ್ಟೆ. ನೋಟಿಸು ಬಂದು ಅದೇ ಬೀಗದ ಬಾಗಿಲಿಗೆ ಅಂಟಿತು. ಓದುವವರು ಯಾರು? ಹೆಸರು ಹೋದವು.

ಮುಂದೆ ಮತದಾನದ ದಿನ ಶಾಲೆಯ ಬೇವಿನ ಮರದ ಕೆಳಗೆ ಪಟ್ಟಿ ಹಿಡಿದು ಕೂತಿದ್ದೆ. ಆ ನಾಲ್ಕು ಮನೆಯಲ್ಲಿ ಒಂದು ಮನೆಯವರು ರಾತ್ರಿ ಬಸ್ಸಿಗೆ ಬೆಂಗಳೂರಿಂದ ಬಂದಿಳಿದಿದ್ದರು. ಗಂಡ, ಹೆಂಡತಿ, ವಯಸ್ಸಾದ ತಾಯಿ. ಮೂವರ ಕೈಯಲ್ಲೂ ಎಪಿಕ್ ಕಾರ್ಡು, ಅಂದರೆ ಮತದಾರರ ಗುರುತಿನ ಚೀಟಿ. ಪಟ್ಟಿಯಲ್ಲಿ ಮೂವರೂ ಇಲ್ಲ. ಕಾರ್ಡು ಎಷ್ಟೇ ಚೆನ್ನಾಗಿರಲಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಆ ತಾಯಿ ಕೇಳಿದರು: ‘ಅಕ್ಕೋರೆ, ನಾವೇನ್ ಸತ್ತೀವೇನ್ರೀ?’

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಗುಳೆ ಹೋಗುವುದು ಊರು ಬಿಡುವುದಲ್ಲ. ನಮ್ಮ ಲಿಂಗಸುಗೂರು, ದೇವದುರ್ಗ, ನಿಮ್ಮ ಯಲಬುರ್ಗಾ, ಕುಷ್ಟಗಿ, ಎಲ್ಲ ಕಡೆ ಮಳೆ ನಂಬಿದ ಜನ. ಸುಗ್ಗಿ ಮುಗಿದರೆ ಕೂಲಿ ಹುಡುಕಿ ಹೋಗುತ್ತಾರೆ, ಮುಂಗಾರು ಹೊತ್ತಿಗೆ ಬರುತ್ತಾರೆ. ಮನೆ, ದೇವರು, ರೇಷನ್ ಕಾರ್ಡು ಎಲ್ಲ ಇಲ್ಲೇ. 1950ರ ಜನಪ್ರತಿನಿಧಿ ಕಾಯ್ದೆಯೂ ಇದನ್ನೇ ಹೇಳುತ್ತದೆ. ಕೆಲವು ದಿನ ಊರಲ್ಲಿ ಇಲ್ಲ ಅಂದ ಮಾತ್ರಕ್ಕೆ ಒಬ್ಬರು ಆ ಊರಿನ ನಿವಾಸಿ ಅಲ್ಲ ಅಂತ ಆಗುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ಅದಕ್ಕೇ ನಿಮ್ಮ ಮೊದಲ ಕೆಲಸ ಬೀಗ ಹಾಕಿದ ಮನೆಗಳದ್ದು. ನಿಮ್ಮ ಬಿಎಲ್‌ಒ ಹತ್ತಿರ ನಿಮ್ಮ ಭಾಗದ ಪಟ್ಟಿ ಇರುತ್ತದೆ, ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲೂ ಸಿಗುತ್ತದೆ. ಮನೆಯೊಂದೊಂದೇ ಟಿಕ್ ಹಾಕುತ್ತಾ ಹೋಗಿ. ಗುಳೆ ಹೋದವರ ಫೋನ್ ನಂಬರು ಪಕ್ಕದ ಮನೆಯಲ್ಲಿ ಇದ್ದೇ ಇರುತ್ತದೆ. ಫೋನ್ ಹಚ್ಚಿ, ‘ದೊಡ್ಡವ್ವಾ, ನಿಮ್ಮ ಹೆಸರು ಐತಿ’ ಅಂತ ಓದಿ ಹೇಳಿ. ಹೆಸರು ಇಲ್ಲದಿದ್ದರೆ ನಮೂನೆ 6 ತುಂಬಿಸಿ.

ಎರಡನೆಯದು ಸೊಸೆಯಂದಿರು. ಮದುವೆಯಾಗಿ ಐದು ವರ್ಷ ಆಗಿರುತ್ತದೆ, ಹೆಸರು ಇನ್ನೂ ತವರೂರಲ್ಲೇ. ಕೇಳಿದರೆ ‘ನನ್ನ ಓಟು ಇಲ್ಲೇನೂ ಇಲ್ಲವಾ’ ಅಂತ ಸುಮ್ನೆ ಆಗುತ್ತಾರೆ. ಅವರಿಗೆ ಆಸೆ ಇಲ್ಲ ಅಂತಲ್ಲ. ಗಂಡನ ಮನೆಯಲ್ಲಿ ಯಾರೂ ಅದನ್ನು ಒಂದು ಕೆಲಸ ಅಂತ ಎಣಿಸಿರುವುದಿಲ್ಲ ಅಷ್ಟೆ. ನಮೂನೆ 8 ಸಾಕು, ಹೆಸರು ಈ ಊರಿಗೆ ಬರುತ್ತದೆ. ಹದಿನೆಂಟು ತುಂಬಿದ ಹುಡುಗ ಹುಡುಗಿಯರೂ ಈಗ ಜನವರಿವರೆಗೆ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಖಿಗೆ ಹದಿನೆಂಟು ಆದರೂ ನಡೆಯುತ್ತದೆ.

ಇನ್ನು ‘ಒಂದು ಓಟಿಂದ ಏನಾಗ್ತದ’ ಅನ್ನೋ ಮಾತು. 2004ರ ವಿಧಾನಸಭೆ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಚಹಾದಂಗಡಿ ಹುಡುಗರಿಗೆ ಇದನ್ನು ಹೇಳಿ, ಕೇಳುತ್ತಾರೆ. ಹೆಣ್ಣುಮಕ್ಕಳಿಗೆ ನಾನು ಗ್ರಾಮ ಪಂಚಾಯಿತಿ ವಿಷಯ ಹೇಳುತ್ತಿದ್ದೆ. ಅಲ್ಲಿ ಒಂದು ವಾರ್ಡಿಗೆ ಇರೋದೇ ಕೆಲವು ನೂರು ಓಟು. ಇಬ್ಬರಿಗೂ ಸಮ ಬಂದರೆ ಚೀಟಿ ಎತ್ತಿ ಗೆದ್ದವರು ಯಾರು ಅಂತ ಹೇಳುತ್ತಾರೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡಬೇಕು ಅನ್ನೋರನ್ನು ಚೀಟಿ ಎತ್ತಿ ಆರಿಸಬೇಕಾ, ನೀವು ಆರಿಸುತ್ತೀರಾ ಅಂತ ಕೇಳಿದರೆ ಸೆರಗು ಸರಿ ಮಾಡ್ಕೊಂಡು ಎದ್ದು ಬರುತ್ತಿದ್ದರು.

ಕೂಲಿ ತಪ್ಪುತ್ತದೆ ಅನ್ನೋದು ನಿಜವಾದ ಕಷ್ಟ. ಇದಕ್ಕೆ ಭಾಷಣ ಉತ್ತರ ಅಲ್ಲ. ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನಿದೆ. ಇಲ್ಲಿ ಒಂದು ತೊಡಕಿದೆ, ಗಮನದಲ್ಲಿಡಿ. 2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರಿನಲ್ಲಿ ಏಪ್ರಿಲ್ 26ಕ್ಕೆ ಮತದಾನ ಆಯಿತು, ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಮೇ 7ಕ್ಕೆ. ಅಲ್ಲಿಯ ಮೇಸ್ತ್ರಿ ‘ಎಲೆಕ್ಷನ್ ಮುಗೀತಲ್ಲ, ಇನ್ನೇನು ರಜೆ’ ಅಂದನಂತೆ. ಓಟು ಇರುವ ಊರಿನ ದಿನಕ್ಕೆ ರಜೆ ಸಿಗಬೇಕು. ದಿನಾಂಕ ಬಂದ ಕೂಡಲೇ ನಿಮ್ಮವರಿಗೆ ವಾಟ್ಸಾಪ್ ಮಾಡಿ, ಮೇಸ್ತ್ರಿಗೂ ತೋರಿಸಲಿ. ಹಾಗೆಯೇ ಯಾವ ಅಭ್ಯರ್ಥಿಯ ಗಾಡಿಯನ್ನೂ ಹತ್ತಬೇಡಿ, ಹತ್ತಿಸಬೇಡಿ. ಮತದಾರರನ್ನು ಹೊತ್ತು ತರಲು ಅಭ್ಯರ್ಥಿ ಗಾಡಿ ಮಾಡುವುದು ಅಪರಾಧ.

ಜನ ಬಾಯಿಬಿಟ್ಟು ಹೇಳದ ಭಯ ಇನ್ನೊಂದಿದೆ. ‘ರೊಕ್ಕ ಕೊಟ್ಟು ಅರಿಷಿಣ ಮುಟ್ಟಿಸ್ಯಾರ, ಬ್ಯಾರೆಯವರಿಗೆ ಹಾಕಿದ್ರ ಗೊತ್ತಾಗ್ತದೇನು?’ ಅಂತ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕೇಳಿದ್ದರು. ಇಂಥವರು ಅರಿಷಿಣ ಮುಟ್ಟಿ ಮಾಡಿದ ಆಣೆ ಮುರಿಯಲಾರದೆ, ಮನಸ್ಸಿಗೆ ಒಪ್ಪದವರಿಗೂ ಹಾಕಲಾರದೆ ಮನೆಯಲ್ಲೇ ಉಳಿಯುತ್ತಾರೆ. ಅವರ ಪಕ್ಕ ಕೂತು ನಿಧಾನವಾಗಿ ಹೇಳಿ. ರೊಕ್ಕ ಕೊಡುವುದೂ ತಗೊಳ್ಳುವುದೂ ಅಪರಾಧ. ಒಳಗೆ ನೀಲಿ ಗುಂಡಿ ಒತ್ತಿದರೆ ಪಕ್ಕದ ಯಂತ್ರದಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಆಮೇಲೆ ಡಬ್ಬಿಗೆ ಬೀಳುತ್ತದೆ. ಅದು ನಿಮಗೆ ಮಾತ್ರ ಕಾಣುವುದು. ಯಾರಿಗೆ ಹಾಕಿದೆ ಅಂತ ಕೇಳುವ ಹಕ್ಕು ಗಂಡನಿಗೂ ಇಲ್ಲ, ಮಗನಿಗೂ ಇಲ್ಲ. ನೀವೂ ಕೇಳಬೇಡಿ ತಂಗಿ. ಯಾರಿಗೆ ಹಾಕಬೇಕು ಅಂತ ಒಂದು ಮಾತು ನಿಮ್ಮ ಬಾಯಿಂದ ಬಂದರೂ ಮಾರನೇ ದಿನ ಅರವತ್ತು ಮನೆಯ ಬಾಗಿಲೂ ಮುಚ್ಚುತ್ತವೆ.

ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಿಲ್ಲ. ವಯಸ್ಸಾದವರನ್ನು ಏಳಕ್ಕೇ ಕರ್ಕೊಂಡು ಹೋಗಿ, ರೊಟ್ಟಿ ಬಡಿಯುವುದು ಆಮೇಲೆ ಆಗಲಿ. ಸಂಜೆ ಆರಕ್ಕೆ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಚೀಟಿ ಕೊಡುತ್ತಾರೆ. ಎಷ್ಟು ಹೊತ್ತಾದರೂ ಅವರ ಓಟು ಹಾಕಿಸಿಕೊಂಡೇ ಬಾಗಿಲು ಹಾಕೋದು.

ಪ್ರಶ್ನೆ: ಸಿಂಧನೂರಿನಿಂದ. ಹೋದ ಸಲ ನಾನು ಹೋಗುವಷ್ಟರಲ್ಲಿ ನನ್ನ ಹೆಸರಲ್ಲಿ ಯಾರೋ ಓಟು ಹಾಕಿಬಿಟ್ಟಿದ್ದರು. ‘ಆಗಿದೆ, ಹೋಗಿ’ ಅಂದರು. ಆಮೇಲೆ ಓಟು ಹಾಕುವ ಮನಸ್ಸೇ ಹೋಗಿದೆ.

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅಲ್ಲಿಂದ ವಾಪಸ್ ಬರಬೇಡಿ. ಮತಗಟ್ಟೆಯ ಪ್ರಿಸೈಡಿಂಗ್ ಅಧಿಕಾರಿಯನ್ನು ಕಂಡು ‘ಟೆಂಡರ್ ಓಟು ಬೇಕು’ ಅಂತ ಕೇಳಿ. ನೀವು ಯಾರೆಂದು ವಿಚಾರಿಸಿ, ನಿಮ್ಮದು ಸರಿ ಇದ್ದರೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಗೆ ಅದು ಸೇರುವುದಿಲ್ಲ, ಮುಚ್ಚಿಡದೆ ಹೇಳುತ್ತೇನೆ. ಆದರೆ ನಿಮ್ಮ ಹೆಸರಲ್ಲಿ ಮೋಸ ನಡೆದಿದೆ ಅನ್ನೋದು ದಾಖಲೆಯಲ್ಲಿ ಉಳಿಯುತ್ತದೆ. ವಿಷಯ ಕೋರ್ಟಿಗೆ ಹೋದರೆ ಆ ಲಕೋಟೆ ತೆರೆಯಬಹುದು. ಈ ಸಲ ಬೆಳಗ್ಗೆ ಏಳಕ್ಕೇ ಹೋಗಿ ನಿಲ್ಲಿ.

ಪ್ರಶ್ನೆ: ಬಳ್ಳಾರಿಯಿಂದ. ನಮ್ಮ ಅಜ್ಜಿಗೆ 87 ವರ್ಷ. ಮಂಚ ಬಿಟ್ಟು ಏಳುವುದಿಲ್ಲ, ಆದರೆ ಓಟು ಹಾಕಲೇಬೇಕು ಅಂತ ಹಟ.

ಉತ್ತರ: ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ 85 ದಾಟಿದವರು ಮನೆಯಿಂದಲೇ ಓಟು ಹಾಕಬಹುದು. 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೂ ಇದು ಉಂಟು. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದರೆ ಸಾಕಿತ್ತು, ಆಮೇಲೆ ಏರಿಸಿದರು. ಬಿಎಲ್‌ಒ ಮನೆಗೆ ನಮೂನೆ 12ಡಿ ತರುತ್ತಾರೆ. ಚುನಾವಣೆಯ ಅಧಿಸೂಚನೆ ಹೊರಟ ಐದು ದಿನದೊಳಗೆ ತುಂಬಿ ಕೊಡಬೇಕು, ತಡ ಮಾಡಿದರೆ ಅವಕಾಶ ಹೋಯಿತು. ಒಮ್ಮೆ ಕೊಟ್ಟ ಮೇಲೆ ಮತಗಟ್ಟೆಗೆ ಹೋಗಿ ಹಾಕಲು ಬರುವುದಿಲ್ಲ. ಸಿಬ್ಬಂದಿ ಬರುವ ದಿನವನ್ನು ಮೊದಲೇ ತಿಳಿಸುತ್ತಾರೆ. ಆ ದಿನ ಅಜ್ಜಿಯನ್ನು ದವಾಖಾನೆಗೆ ಕರ್ಕೊಂಡು ಹೋಗುವ ಕೆಲಸ ಇಟ್ಕೋಬೇಡಿ. ಮನೆಯಲ್ಲಿ ಸಿಗದಿದ್ದರೆ ಎರಡನೇ ಸಲ ಬರುತ್ತಾರೆ, ಮೂರನೇ ಸಲ ಬರುವುದಿಲ್ಲ.