ಯೆಶಾಯ 53 ಆಮೇಲೆ ಸೇರಿಸಿದ್ದಲ್ಲ

ಬೈಬಲಿನ ಹಳೆ ಒಡಂಬಡಿಕೆಯಲ್ಲಿ, ಯೆಶಾಯ ಪ್ರವಾದಿಯ ಪುಸ್ತಕದ 53ನೇ ಅಧ್ಯಾಯ ಯೇಸುವಿನ ಕಥೆಗೆ ಇಷ್ಟು ಹೊಂದುತ್ತದಲ್ಲ, ಕ್ರೈಸ್ತರೇ ಆಮೇಲೆ ಸೇರಿಸಿದರಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. 1947ರಲ್ಲಿ ಮೃತ ಸಮುದ್ರದ ಹತ್ತಿರ ಕುಮ್ರಾನ್ ಗುಹೆಯಲ್ಲಿ ಸಿಕ್ಕಿದ ಯೆಶಾಯನ ಸುರುಳಿ, ಏಳು ಮೀಟರಿಗೂ ಜಾಸ್ತಿ ಉದ್ದದ ಚರ್ಮದ ಸುರುಳಿ, ಯೇಸು ಹುಟ್ಟುವ ಸುಮಾರು ನೂರು ವರ್ಷ ಮೊದಲೇ ಬರೆದದ್ದು, ಅದರಲ್ಲಿ ಈ ಅಧ್ಯಾಯ ಇದೆ. ಕೊಯ್ಯಲು ಒಯ್ಯುವ ಕುರಿಯಂತೆ ಬಾಯಿ ತೆರೆಯದೆ, ಬೇರೆಯವರ ತಪ್ಪಿಗೆ ಪೆಟ್ಟು ತಿನ್ನುವ ಒಬ್ಬ ಸೇವಕ ಈ ಅಧ್ಯಾಯದಲ್ಲಿ ಬರುತ್ತಾನೆ, ಅವನು ಯಾರು? ಅಸಲಿ ಪ್ರಶ್ನೆ ಅದೇ ಅಲ್ವಾ. ಇಸ್ರಾಯೇಲ್ ಜನಾಂಗವೇ ಅಂತ ಯೆಹೂದ್ಯರು ಬಹುಪಾಲು ಹೇಳುತ್ತಾರೆ, ಸುಮ್ನೆ ಅಲ್ಲ, ಇದೇ ಪುಸ್ತಕದ 49:3ರಲ್ಲಿ ಹಾಗೇ ಇದೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಇದನ್ನೇ ಓದುತ್ತಾ, ಪ್ರವಾದಿ ಯಾರ ಬಗ್ಗೆ ಹೇಳುತ್ತಿದ್ದಾನೆ ಅಂತ, ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನನ್ನು ಕೇಳುತ್ತಾನೆ. ಯೇಸು ಅನ್ನುವ ಫಿಲಿಪ್ಪನ ಉತ್ತರವನ್ನೇ ನಾನು ನಂಬುತ್ತೇನೆ. ನೀವು ಯೆಶಾಯ 52:13ರಿಂದ ಓದಿ, ಈ ಸೇವಕನ ಬಗ್ಗೆ ಇರುವ ಭಾಗ ಶುರುವಾಗುವುದೇ ಅಲ್ಲಿ.